ಜಮಾದಾರರ ಎರಡು ಊರು

ನಾನು ಸಮುದ್ರ ನೋಡಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹಡಗಿನ ಮಾತು ಬರುತ್ತದೆ, ಆಗ ಯಾರಾದರೂ ಈತನಿಗೇನು ಗೊತ್ತು ಎಂದು ಕೇಳುವ ಮೊದಲು ನಾನೇ ಒಪ್ಪಿಕೊಂಡಂತಾಗುತ್ತದೆ. ನಾನು ಕಂಡ ದೊಡ್ಡ ನೀರೆಂದರೆ ತುಂಬಿ ಹರಿಯುವ ಕೃಷ್ಣೆ. ಅದನ್ನೂ ದಡದಿಂದ ಹತ್ತು ಮಾರು ದೂರ ನಿಂತು ನೋಡಿದ್ದೆ. ದಡ ಕುಸಿದರೆ ಎಂಬ ಭಯ. ನನ್ನ ಜೊತೆಗೆ ಬಂದವರೆಲ್ಲ ಕಾಲು ತೊಳೆದುಕೊಂಡು, ಮುಖಕ್ಕೆ ನೀರು ಹಾಕಿಕೊಂಡು ತಿರುಗಿ ಬಂದರು. ದಡ ಕುಸಿಯಲಿಲ್ಲ.

ಲಿಂಗಸುಗೂರಿನ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಕೂತು ಊರವರಿಗೆ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಎಲ್ಲರೂ ಮುನ್ಷಿ ಎನ್ನುತ್ತಾರೆ. ಒಂದು ಜಮಖಾನೆ, ಒಂದು ಇಳಿಜಾರು ಮಣೆ, ದೌತಿ, ಲೆಕ್ಕಣಿಕೆ. ಜನ ಕನ್ನಡದಲ್ಲಿ ಗೋಳಾಡುತ್ತಿದ್ದರು, ನಾನು ಉರ್ದುವಿನಲ್ಲಿ ಬರೆಯುತ್ತಿದ್ದೆ. ಬರೆದದ್ದನ್ನು ಮೂರು ಸಲ ಓದುತ್ತಿದ್ದೆ. ಕೊಟ್ಟು ಕಳಿಸಿದ ಮೇಲೆ ಒಂದು ನುಕ್ತೆ, ಅಕ್ಷರದ ಒಂದು ಚುಕ್ಕಿ, ಬಿಟ್ಟೆನೇನೋ ಎಂದು ಅರ್ಜಿದಾರನ ಹಿಂದೆ ಓಡಿಹೋಗಿ ಇಸಿದುಕೊಂಡು ನಾಲ್ಕನೆಯ ಸಲ ಓದಿದ್ದೂ ಉಂಟು. ಇದರಿಂದ ನನಗೆ ನಂಬಿಗಸ್ತ ಎಂಬ ಹೆಸರು ಬಂತು. ಅದು ನಂಬಿಕೆಯಲ್ಲ, ಅಂಜಿಕೆ ಎಂದು ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು.

ನಲವತ್ತೆಂಟರಲ್ಲಿ ನಿಜಾಮಶಾಹಿ ಮುಗಿಯಿತು. ಆಗ ನನಗೆ ನಲವತ್ತು ಮುಟ್ಟಿತ್ತು. ಹೊಸ ಅಧಿಕಾರಿಗಳು ಬಂದರು, ಅವರ ಜೊತೆಗೆ ಇಂಗ್ಲಿಷ್ ಕಾಗದಗಳೂ ಬಂದವು. ಹಿಂದೂಸ್ತಾನವನ್ನು ಇಂಗ್ರಜರು ಬಿಟ್ಟುಹೋದ ಮರುವರ್ಷ ನಮ್ಮೂರಿನ ಕಚೇರಿಗೆ ಇಂಗ್ರಜಿ ಬಂತು. ಇದರ ನ್ಯಾಯ ನನಗೆ ಇವತ್ತಿಗೂ ತಿಳಿದಿಲ್ಲ. ಇಂಗ್ರಜರ ದಂಡು ಹಿಂದೆ ಬಹಳ ವರ್ಷ ನಮ್ಮೂರಲ್ಲೇ ಇತ್ತು. ಊರ ಹೊರಗೆ ಅವರ ಗೋರಿಗಳಿವೆ, ಅವುಗಳ ಮೇಲೆ ಕುರಿ ಮೇಯುತ್ತವೆ. ಅವರು ಇದ್ದಾಗ ನಮಗೆ ಬಾರದ ಅವರ ಭಾಷೆಯನ್ನು ಅವರು ಹೋದ ಮೇಲೆ ನಾನು ಕಲಿಯಬೇಕಾಯಿತು. ಹರಿದ ಒಂದು ಬಾಲಬೋಧೆ ತಂದು, ಮೀಸೆ ನರೆತ ಮೇಲೆ, ಬೆಕ್ಕು ಇಲಿಗಳ ಪಾಠ ಓದಿದೆ. ಹೆಂಡತಿ ಒಲೆಯ ಮುಂದೆ ಕೂತು ನಗುತ್ತಿದ್ದಳು.

ಕಾಗುಣಿತ ಅಷ್ಟಿಷ್ಟು ಬಂದದ್ದೇ ತಪ್ಪಾಯಿತು.

ಈಗ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. 'ಯಾವೂರಾವ್ರಿ ನೀವು?' ಎಂದು ಯಾರಾದರೂ ಕೇಳಿದರೆ ನಾವು ಇರುವ ಊರನ್ನು ಹೇಳುವುದಿಲ್ಲ. ಮೂಲದ ಊರನ್ನು ಹೇಳುತ್ತೇವೆ. ಅಜ್ಜನೋ ಮುತ್ತಜ್ಜನೋ ಎಲ್ಲಿಂದ ಗಂಟು ಹೊತ್ತು ಬಂದನೋ ಅದು ನಮ್ಮೂರು. ಇರುವ ಊರಿನ ಹೆಸರು ಹೇಳಿದರೆ ಹಿಂದಿಲ್ಲ ಮುಂದಿಲ್ಲ ಎಂದು ಒಪ್ಪಿಕೊಂಡ ಹಾಗೆ. ಹೆಣ್ಣು ಕೇಳಲು ಹೋದಲ್ಲಿ, ಅಂಗಡಿಯ ಕಟ್ಟೆಯ ಮೇಲೆ, ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುತ್ತ ನಿಂತಾಗ, ಎಲ್ಲ ಕಡೆ ಇದೇ. ಸಾಲಗುಂದದಲ್ಲೇ ಹುಟ್ಟಿ ಸಾಲಗುಂದದ ಹೊಲದಲ್ಲೇ ಬೆನ್ನು ಬಗ್ಗಿಸಿದವನು ತಾನು ಬಳ್ಳಾರಿ ಕಡೆಯವನು ಎನ್ನುತ್ತಾನೆ. ನಮ್ಮ ಮನೆತನ ನೆನಪಿಗೆ ಸಿಗದಷ್ಟು ಹಿಂದಿನಿಂದ ಲಿಂಗಸುಗೂರಿನಲ್ಲಿದೆ. ಕೇಳಿದರೆ ನಾವು ಕಲ್ಯಾಣದವರು. ನಾನು ಕಲ್ಯಾಣಕ್ಕೆ ಹೋಗಿಲ್ಲ. ನಮ್ಮಪ್ಪನೂ ಹೋಗಿರಲಿಲ್ಲ. ಆದರೂ ಅದನ್ನು ಹೇಳುವಾಗ ನನ್ನ ಎದೆ ಎರಡು ಬೆರಳು ಮುಂದೆ ಬರುತ್ತದೆ.

ನನ್ನ ಮರದ ಎದುರಿಗೆ ಖಜಾನೆ. ಅದರ ಕಾವಲಿಗೆ ಒಬ್ಬ ಅರಬ ಜಮಾದಾರರಿದ್ದರು. ಪಟ್ಟಿ ಲುಂಗಿ, ಅಗಲವಾದ ಸೊಂಟಪಟ್ಟಿ, ಅದರಲ್ಲಿ ಕೊಕ್ಕೆಯ ಹಾಗೆ ಬಾಗಿದ ಕಠಾರಿ, ತೋಳಿನಲ್ಲಿ ಅವರ ಅಪ್ಪನ ಕಾಲದ ಬಂದೂಕು. ಅದು ಹಾರುತ್ತಿತ್ತೋ ಇಲ್ಲವೋ, ಯಾರೂ ನೋಡಿದವರಿಲ್ಲ. ಕಲ್ಲು ಬೆಂಚಿನ ಮೇಲೆ ಕೂತು ಬಾಗಿಲು ಕಾಯುತ್ತಿದ್ದರು, ಮಿಕ್ಕ ವೇಳೆಯಲ್ಲಿ ಬೇಲಿಗೆ ಬಾಯಿ ಹಾಕುವ ಆಡುಗಳನ್ನು ಅಪ್ಪಟ ಮಸ್ಕಿಯ ಕನ್ನಡದಲ್ಲಿ ಬೈಯುತ್ತಿದ್ದರು. ಅವರು ಹುಟ್ಟಿದ್ದು ಮಸ್ಕಿಯ ಗುಡ್ಡದ ಕೆಳಗಿನ ಓಣಿಯಲ್ಲಿ. ಹೆಂಡತಿಯೂ ಅಲ್ಲಿಯವರೇ, ಮಸ್ಕಿಯ ಮನೆಯಲ್ಲೇ ಇದ್ದು ಹಳೆಯ ಸೀರೆ ಕೂಡಿಸಿ ಊರವರಿಗೆ ಕೌದಿ ಹೊಲಿಯುತ್ತಿದ್ದರು. ಒಬ್ಬಳೇ ಮಗಳನ್ನು ಸಿಂಧನೂರಿಗೆ ಕೊಟ್ಟಿದ್ದರು.

ಅವರ ಅಜ್ಜ ಅರಬಸ್ತಾನದ ಹದ್ರಮೌತ್ ಎಂಬ ಸೀಮೆಯಿಂದ ಹಾಯಿ ಹಡಗು ಹತ್ತಿ ಮುಂಬೈಯಲ್ಲಿ ಇಳಿದವರು. ಆಗ ನಿಜಾಮರ ಸರದಾರರಿಗೆ ಕಾವಲಿಗೆ ಅರಬರೇ ಬೇಕಾಗಿತ್ತು. ಆ ಅಜ್ಜ ನಡೆಯುತ್ತ ಬಂದು ಈ ಕಡೆ ನೆಲೆ ನಿಂತರು. ಅವರ ಜೊತೆ ಬಂದದ್ದು ಒಂದು ಕಠಾರಿ, ಒಂದು ಕುರಾನು, ಕಂಕುಳಲ್ಲಿ ಇಟ್ಟು ಬಾರಿಸುವ ಒಂದು ಡೋಲು. ಆ ಡೋಲಿನ ಗತ್ತು ನಮ್ಮ ಕಡೆಗೆ ಎಷ್ಟು ಹಿಡಿಸಿತೆಂದರೆ ನಮ್ಮ ಶೆಟ್ಟರ ಮದುವೆಯ ಮೆರವಣಿಗೆಗೂ ಅದು ಬೇಕು. ನನ್ನ ಮದುವೆಯಲ್ಲಿ ಬಾರಿಸಿದವರು ಜಮಾದಾರರೇ. ಕುದುರೆಯ ಮೇಲೆ ಕೂತ ನಾನು ಬಿದ್ದೇನೆಂಬ ಚಿಂತೆಯಲ್ಲಿ ಅದನ್ನು ಕೇಳಲೇ ಇಲ್ಲ.

ನಲವತ್ತೆಂಟರ ಆ ತಿಂಗಳುಗಳ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಮೊದಲು ನಿಜಾಮರ ಪರ ಬಂದೂಕು ಹಿಡಿದವರು ಹಳ್ಳಿಗಳಿಗೆ ನುಗ್ಗಿದರು. ಆಮೇಲೆ ಗಾಳಿ ತಿರುಗಿತು, ಬಂದೂಕು ಮುಟ್ಟದವರ ಮನೆಗಳಿಗೂ ಬೆಂಕಿ ಬಿತ್ತು. ಊರು ಸುಮ್ಮನಾದಾಗ ಎಲ್ಲರೂ ಕಣ್ಣು ತಪ್ಪಿಸಿ ಮಾತಾಡುತ್ತಿದ್ದರು. ಜಮಾದಾರರ ಕಠಾರಿಯನ್ನೂ ಬಂದೂಕನ್ನೂ ಇಸಿದುಕೊಂಡರು. ಆದರೂ ಅವರು ಬೆಂಚು ಬಿಡಲಿಲ್ಲ. ಖಾಲಿ ಸೊಂಟಪಟ್ಟಿ ಬಿಗಿದುಕೊಂಡು ಬಂದು ಕೂರುತ್ತಿದ್ದರು.

ಆಗ ಒಂದು ಹುಕುಂ ಬಂತು. ಹೊರದೇಶದಿಂದ ಬಂದು ಆಯುಧ ಹಿಡಿದು ಚಾಕರಿ ಮಾಡಿದವರ ಯಾದಿ ಮಾಡಬೇಕು. ಅದಕ್ಕೆ ಬಂದ ಅಧಿಕಾರಿ ತೆಲುಗು ಮಾತಿನವರು, ಆಂಧ್ರದ ಕರಾವಳಿಯ ಬಂದರಿನ ಕಡೆಯವರು. ಉರ್ದು ಬಾರದು, ಕನ್ನಡ ಬಾರದು. ಮೂರು ಭಾಷೆಯವರ ನಡುವೆ ಒಬ್ಬ ಬೇಕಾಗಿತ್ತು, ತೆಲುಗೂ ಬಲ್ಲ ನನ್ನನ್ನು ಮರದ ಕೆಳಗಿನಿಂದ ಎಬ್ಬಿಸಿ ಮೇಜಿನ ಮುಂದೆ ಕೂರಿಸಿದರು. ನನ್ನ ಜೀವಮಾನದಲ್ಲಿ ಮೇಜು ಕುರ್ಚಿಯಲ್ಲಿ ಕೂತು ಬರೆದದ್ದು ಅದೇ ಮೊದಲು. ಕಾಲು ಎಲ್ಲಿ ಇಡಬೇಕೆಂದು ತಿಳಿಯದೆ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ.

ಮೂರನೆಯವರಾಗಿ ಜಮಾದಾರರು ಬಂದರು. ಒಗೆದ ಲುಂಗಿ, ಎಣ್ಣೆ ಹಚ್ಚಿ ತೀಡಿದ ಗಡ್ಡ.

"ಏನೋ ಮುನ್ಷಿ, ಖುರ್ಚಿ ಸಿಕ್ಕೈತಲ್ಲ! ಹೊಸಾ ಸರ್ಕಾರದಾಗ ನನಗೂ ಪಗಾರ ಹೆಚ್ಚಿಗಿ ಮಾಡ್ತಾರೇನು?"

"ಗೊತ್ತಿಲ್ರೀ ಜಮಾದಾರ್ರ. ಕೇಳಿದ್ದು ಹೇಳ್ರಿ, ಬರಕೋತೀನಿ."

"ಕೇಳು. ಹತ್ತೊಂಬತ್ತು ವರ್ಷ ನೋಡೀದಿ ನನ್ನ, ಇನ್ನೇನು ಕೇಳ್ತಿ?"

ಹೆಸರು ಬರೆದೆ. ತಂದೆಯ ಹೆಸರು ಬರೆದೆ. "ಯಾವೂರು?" ಎಂದೆ.

ಅವರು ಬೆನ್ನು ನೆಟ್ಟಗೆ ಮಾಡಿದರು. ನಾನು ಕಲ್ಯಾಣ ಎನ್ನುವಾಗ ಮಾಡುವ ಹಾಗೆಯೇ. "ಹದ್ರಮೌತ್," ಎಂದರು. "ದೊಡ್ಡ ಅಕ್ಷರದಾಗ ಬರಿ. ನಮ್ಮಜ್ಜ ನೋಡಾಕತ್ತಿರ್ತಾನ."

ನಾನು ಬರೆದೆ. ಮಸ್ಕಿಯೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೆ ಊರು ಕೇಳಿದಾಗ ಮರ್ಯಾದಸ್ಥರು ಕೊಡುವ ಉತ್ತರವನ್ನು ಅವರು ಕೊಟ್ಟರು, ಮರ್ಯಾದಸ್ಥನ ಹಾಗೆ ನಾನು ಬರೆದುಕೊಂಡೆ. ಅದರಲ್ಲಿ ತಪ್ಪಿದೆಯೆಂದು ಹೊಳೆಯಲೂ ಇಲ್ಲ. ನನಗೆ ಚಿಂತೆ ಹತ್ತಿದ್ದು ಬೇರೆಯದಕ್ಕೆ. ಆ ಹೆಸರನ್ನು ಇಂಗ್ರಜಿಯಲ್ಲಿ ಹೇಗೆ ಬರೆಯುವುದು? ಬೆಕ್ಕು ಇಲಿಗಳ ಪಾಠದಲ್ಲಿ ಅದು ಬಂದಿರಲಿಲ್ಲ. ಅಧಿಕಾರಿ ಕಾಗದ ನೋಡಿ ಒಂದು ಅಕ್ಷರ ತಿದ್ದಿದರು. ನನಗೆ ಬೆವರು ಬಂತು. ಆ ಒಂದು ಅಕ್ಷರದ ನಾಚಿಕೆಯಲ್ಲಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಜಮಾದಾರರ ಬಗ್ಗೆ ಆ ಎರಡು ದಿನದಲ್ಲಿ ಒಮ್ಮೆಯೂ ಯೋಚಿಸಲಿಲ್ಲ.

ವಾರದೊಳಗೆ ಲಾರಿ ಬಂತು. ಯಾದಿಯಲ್ಲಿದ್ದವರನ್ನು ಹತ್ತಿಸಿಕೊಂಡು ಸಿಂಧನೂರಿನ ಒಂದು ಹತ್ತಿ ಗೋದಾಮಿಗೆ ಒಯ್ದರು. ಅಲ್ಲಿ ಸುತ್ತಲಿನ ತಾಲೂಕಿನವರನ್ನೆಲ್ಲ ಕೂಡಿಸಿ, ಮುಂಬೈಗೆ ಕಳಿಸಿ, ಹಡಗು ಹತ್ತಿಸಿ ಅವರವರ ದೇಶಕ್ಕೆ ಮುಟ್ಟಿಸುವುದೆಂದು ಸುದ್ದಿ. ಜಮಾದಾರರು ಲಾರಿ ಹತ್ತುವಾಗ ನನ್ನ ಕಡೆ ನೋಡಿ ಕೈ ಎತ್ತಿದರು. ಪಗಾರದ ವಿಚಾರಕ್ಕೆ ಕರೆದೊಯ್ಯುತ್ತಿದ್ದಾರೆಂದು ಆಗಲೂ ತಿಳಿದಿದ್ದರೋ ಏನೋ.

ಮೂರನೆಯ ದಿನ ಮಧ್ಯಾಹ್ನ ಜಮಾದಾರರ ಹೆಂಡತಿ ಮಸ್ಕಿಯಿಂದ ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತರು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಅಳಲಿಲ್ಲ.

"ಅಣ್ಣಾ, ನೀ ಬರದ ಕಾಗದದಾಗ ಏನೈತಿ?"

"ಅವ್ರು ಹೇಳಿದ್ದೇ ಬರದೀನಿ ಅಕ್ಕಾ."

"ಅವ್ರು ಹೇಳಿದ್ದು ನಾ ಕೇಳಿಲ್ಲ. ನಿನಗ ಗೊತ್ತಿದ್ದದ್ದು ಏನು? ಹಡಗು ಹತ್ತಿಸಿದ್ರ ಈ ಮನಷ್ಯಾ ಎಲ್ಲಿಗೆ ಹೋಗ್ತಾನ? ಅಲ್ಲಿ ಯಾರದಾರ? ಒಂದು ಮಾತು ಬರೂದಿಲ್ಲ ಅವರ್ದು. ನಮಾಜು ಬಿಟ್ರ ಅರಬಿ ಗೊತ್ತಿಲ್ಲ. ಅಲ್ಲಿ ಹೋಗಿ ಆಡು ಬೈಯ್ಯಾಕ ಸೈತ ಬರೂದಿಲ್ಲ."

ನಾನು ಕಟ್ಟೆಯ ಮೇಲಿನ ಧೂಳು ಒರೆಸಿದೆ.

"ನಿಮ್ಮೂರ ಹೊರಗ ಬಿಳೀ ಮಂದಿ ಗೋರ್ಯಾಗ ಮಲಗ್ಯಾರ. ಅವ್ರೂ ಹಡಗಿನ್ಯಾಗೇ ಬಂದಾರ. ಅವರ್ನ ಯಾರೂ ಎಬ್ಬಿಸಿ ಯಾವೂರು ಅಂತ ಕೇಳಲಿಲ್ಲ. ಜೀವಂತ ಕುಂತಾವಗ ಕೇಳ್ಯಾರ."

ವಿಷಯ ಇಷ್ಟೇ ಇತ್ತು. ಜಮಾದಾರರು ಮಸ್ಕಿಯಲ್ಲೇ ಹುಟ್ಟಿದವರೆಂದು ಆ ಊರಿನ ಹಿರಿಯನೊಬ್ಬ ರುಜು ಹಾಕಿ, ಯಾದಿ ಬರೆದವನು ತಾನು ಬರೆದದ್ದು ತಪ್ಪೆಂದು ಬರೆದುಕೊಟ್ಟರೆ ಅಧಿಕಾರಿ ಬಿಡಬಹುದು. ಸಿಂಧನೂರಿನಲ್ಲಿ ಹಾಗೆ ಒಬ್ಬಿಬ್ಬರನ್ನು ಬಿಟ್ಟಿದ್ದಾರೆಂದು ಮಗಳು ಹೇಳಿಕಳಿಸಿದ್ದಳು. ಲಾರಿಗಳು ಮುಂದಿನ ಸೋಮವಾರ ಹೊರಡುತ್ತವೆ ಎಂದೂ ಹೇಳಿಕಳಿಸಿದ್ದಳು. ಅಂದು ಬುಧವಾರ.

"ನೋಡೋಣ ಅಕ್ಕಾ," ಎಂದೆ.

ನೋಡೋಣ ಎಂದವನು ಗುರುವಾರವೆಲ್ಲ ಲೆಕ್ಕಣಿಕೆಯ ಮುಳ್ಳು ತೊಳೆದೆ. ತಪ್ಪು ಬರೆದೆ ಎಂದರೆ ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆದವನೆಂದು ನನ್ನನ್ನೇ ಕೂಡಿಹಾಕಿದರೆ? ಮರದ ಕೆಳಗಿನ ಜಾಗ ಹೋದರೆ? ಅರಬನ ಪರ ನಿಂತನೆಂದು ಊರಿನವರು ಮಾತು ಬಿಟ್ಟರೆ? ಆಗಿನ ಕಾಲದಲ್ಲಿ ಅದೂ ಸಣ್ಣ ಮಾತಾಗಿರಲಿಲ್ಲ. ಒಂದೊಂದು ಚಿಂತೆಯನ್ನೂ ಹೆಂಡತಿಗೆ ಹೇಳಿದೆ. ಅವಳು ಜೋಳ ಹಸನು ಮಾಡುತ್ತ ಕೇಳಿದಳು. ಕಡೆಗೆ ಮೊರ ಕೆಳಗಿಟ್ಟಳು.

"ಏನ್ರೀ, ನಾವು ಯಾವೂರಾವ್ರು?"

"ಕಲ್ಯಾಣದಾವ್ರು."

"ಕಲ್ಯಾಣದಾಗ ನಿಮ್ಮನ್ನ ನೋಡಿ ನಾಯಿ ಸೈತ ಬಾಲ ಅಲ್ಲಾಡಸೂದಿಲ್ಲ. ನಾಳೆ ಯಾರರೆ ಲಾರಿ ತಂದು ನಿಲ್ಲಿಸಿ, ಏಳ್ರಿ, ನಿಮ್ಮೂರಿಗೆ ಬಿಟ್ಟು ಬರ್ತೀವಿ ಅಂದ್ರ ಏನ್ಮಾಡ್ತೀರಿ? ನಿಮಗ ಲಾರ್ಯಾಗ ಕುಂತ್ರ ತಲಿ ತಿರಗತೈತಿ."

ನಾನು ಶುಕ್ರವಾರ ಬೆಳಿಗ್ಗೆ ಮಸ್ಕಿಯ ಬಸ್ಸು ಹತ್ತಿದೆ.

ಮಸ್ಕಿಯ ಗೌಡರು ಜಮಾದಾರರ ಓರಗೆಯವರು. ಇಬ್ಬರೂ ಒಂದೇ ಬಾವಿಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಈಜು ಕಲಿತವರು. ಆದರೆ ಹಿಂದಿನ ವರ್ಷ ಬಂದೂಕಿನವರು ಗೌಡರ ಹಗೇವು ಒಡೆದು ಜೋಳ ಹೊತ್ತು ಒಯ್ದಿದ್ದರು, ಅಡ್ಡ ಬಂದ ಅವರ ತಮ್ಮನ ಕೈ ಮುರಿದಿದ್ದರು. ನಾನು ಬಂದ ಕೆಲಸ ಹೇಳಿದೆ. ಜಮಾದಾರರ ಹೆಂಡತಿ ಬಾಗಿಲ ಹೊರಗೆ ನಿಂತಿದ್ದರು. ಗೌಡರು ಬಹಳ ಹೊತ್ತು ಅಡಕೆ ಕತ್ತರಿಸುತ್ತ ಕೂತರು. ಒಳಗೆ ಅವರ ತಮ್ಮ ಕೆಮ್ಮಿದ್ದು ಕೇಳಿಸಿತು.

"ಆ ಮಂದ್ಯಾಗ ಇವ ಇದ್ನೇನು?" ಎಂದು ಹೊರಗಿನವರಿಗೆ ಕೇಳುವಂತೆ ಕೂಗಿದರು.

"ಇದ್ದಿಲ್ರೀ ಗೌಡ್ರ. ಖಜಾನಿ ಬಾಗಲಾ ಬಿಟ್ಟು ಎದ್ದಾವಲ್ಲ," ಎಂದು ಹೆಂಡತಿ ಅಂದರು.

"ಬಂದಿದ್ದಿಲ್ಲ, ಖರೆ. ತಡಿಯಾಕೂ ಬರಲಿಲ್ಲ. ಮಸ್ಕಿಗೆ ನುಗ್ಗ್ಯಾರಂತ ಕೇಳಿದ ಮ್ಯಾಗೂ ಅಲ್ಲೇ ಕುಂತಾನ, ಸರ್ಕಾರದ ಪೆಟಿಗಿ ಕಾಯಕೋತ."

ಗೌಡರು ಅಡಕೊತ್ತು ಕೆಳಗಿಟ್ಟರು.

"ಬರಿ ಮುನ್ಷಿ. ಇವ ಇದೇ ಓಣ್ಯಾಗ ಹುಟ್ಟ್ಯಾನ. ಇವನ ಹೊಕ್ಕಳ ಹುರಿ ನಮ್ಮ ಹಿತ್ತಲ ಗ್ವಾಡಿ ಆಚಿಗೆ ಹೂತಾರ, ನಮ್ಮವ್ವ ನೋಡ್ಯಾಳ, ನನಗ ಹೇಳ್ಯಾಳ. ಇಷ್ಟು ಬರಿ. ಒಳ್ಳೇವ ಅಂತ ಬರೀಬ್ಯಾಡ. ಅದನ್ನ ನಾ ಹೇಳಿಲ್ಲ."

ಅಷ್ಟೇ ಬರೆದೆ. ಅವರು ಅಕ್ಷರ ಅಕ್ಷರ ಬಿಡಿಸಿ ರುಜು ಹಾಕಿದರು. ಅಷ್ಟು ಪ್ರಾಮಾಣಿಕವಾದ ಇನ್ನೊಂದು ಕಾಗದವನ್ನು ನಾನು ಬರೆದದ್ದು ನೆನಪಿಲ್ಲ.

ಶನಿವಾರ ಜಮಾದಾರರ ಹೆಂಡತಿಯೂ ನಾನೂ ಸಿಂಧನೂರಿಗೆ ಹೋದೆವು. ಗೋದಾಮಿನ ಅಂಗಳದಲ್ಲಿ ಮುನ್ನೂರು ನಾನೂರು ಜನ ಇದ್ದಿರಬೇಕು. ಹತ್ತಿಯ ಚೂರು ಗಡ್ಡಕ್ಕೆಲ್ಲ ಅಂಟಿಕೊಂಡಿತ್ತು. ಕೆಲವರು ಖರೆಯೇ ಹೊಸದಾಗಿ ಬಂದವರು, ತಮ್ಮೂರಿಗೆ ಹೋಗುತ್ತೇವೆಂದು ಗಂಟು ಕಟ್ಟಿ ಸಿದ್ಧವಾಗಿದ್ದರು. ಬಹಳ ಜನ ಅಂಥವರಲ್ಲ. ಅವರ ಹೆಂಡಿರು ಮಕ್ಕಳು ಹೊರಗೆ ಜಾಲಿಗಿಡದ ನೆರಳಲ್ಲಿ ರೊಟ್ಟಿಯ ಗಂಟು ಹಿಡಿದು ಕೂತಿದ್ದರು. ಜಮಾದಾರರ ಮಗಳೂ ಅವರಲ್ಲಿದ್ದಳು.

ಅಧಿಕಾರಿ ಅದೇ ತೆಲುಗಿನವರು. ದಣಿದಿದ್ದರು. ನಿದ್ದೆಯಿಲ್ಲದ ಕಣ್ಣು. ಗೌಡರ ಕಾಗದ ಓದಿಸಿಕೊಂಡರು. ನನ್ನ ತಪ್ಪೊಪ್ಪಿಗೆಯನ್ನೂ ಓದಿದರು. ಅದರ ಇಂಗ್ರಜಿಗೆ ಈ ಸಲ ಮೂರು ಕಡೆ ತಿದ್ದುಪಡಿ ಬಿತ್ತು. ಆಮೇಲೆ, ನನ್ನ ಮುಖದ ಬಣ್ಣ ನೋಡಿಯೋ ಏನೋ, ತೆಲುಗಿನಲ್ಲಿ ಮೆಲ್ಲಗೆ ಮಾತಾಡಿದರು. ತಮ್ಮ ಊರು ಸಮುದ್ರದ ದಂಡೆಯ ಮೇಲಿದೆ, ಅಲ್ಲಿ ಅರ್ಧ ಊರು ಹಡಗಿನಿಂದ ಇಳಿದದ್ದೇ, ಡಚ್ಚರೆಂಬ ಬಿಳಿಯರ ಗೋರಿಗಳೂ ಇವೆ, ಅರಬರ ಹೆಸರಿನ ಓಣಿಯೂ ಇದೆ, ನೀವು ರೊಟ್ಟಿಗೆ ಹಚ್ಚಿಕೊಳ್ಳುವ ಕೆಂಪು ಮೆಣಸಿನಕಾಯಿ ಸಹ ಎಲ್ಲೋ ದೂರದಿಂದ ಹಡಗಿನಲ್ಲಿ ಬಂದದ್ದು ಎಂದರು. ನಾನು ಇದನ್ನು ನಂಬಲಿಲ್ಲ. ಮೆಣಸಿನಕಾಯಿ ನಮ್ಮದೆಂದೇ ಆಗ ತಿಳಿದಿದ್ದೆ.

"ಮತ್ತ ಬಿಟ್ಟುಬಿಡ್ರಲ್ಲ ಸಾಹೇಬ್ರ," ಎಂದೆ ತೆಲುಗಿನಲ್ಲಿ.

ಅವರು ಕಾಗದವನ್ನು ಬೆರಳಿನಿಂದ ಕುಟ್ಟಿ ತೋರಿಸಿದರು. ಕಾಗದದಲ್ಲಿ ಊರು ಎಂಬುದರ ಮುಂದೆ ತುಂಬಲು ಒಂದೇ ಚೌಕದ ಮನೆ ಇದೆ, ಅದರಲ್ಲಿ ಒಂದೇ ಹೆಸರು ಹಿಡಿಸುತ್ತದೆ. ನಾನೇನು ಮಾಡಲಿ? ಆತನನ್ನು ಕರೆಸುತ್ತೇನೆ, ನನ್ನೆದುರಿಗೆ ತನ್ನ ಬಾಯಿಂದ ಹೇಳಲಿ, ಅದನ್ನು ನೀನು ತೆಲುಗಿನಲ್ಲಿ ನನಗೆ ಹೇಳು ಎಂದರು.

ಜಮಾದಾರರನ್ನು ಕರೆತಂದರು. ಆರೇ ದಿನಕ್ಕೆ ಕುತ್ತಿಗೆ ಸಣ್ಣದಾಗಿತ್ತು. ಬಾಗಿಲಲ್ಲಿ ಹೆಂಡತಿ ಹಾದಿಗಡ್ಡ ಬಂದು ಅವರ ಕಿವಿಯಲ್ಲಿ "ಮಸ್ಕಿ ಅನ್ರಿ, ಮಸ್ಕಿ ಅನ್ನೂದೊಂದಽ," ಎಂದದ್ದು ನನಗೂ ಕೇಳಿಸಿತು. ಅವರು ಮೇಜಿನ ಮುಂದೆ ನಿಂತರು. ನಾನು ಕೇಳಿದೆ. ಯಾವೂರು ಎಂದು.

ಸೊಂಟಪಟ್ಟಿಯ ಮೇಲೆ, ಕಠಾರಿ ಇರುತ್ತಿದ್ದಲ್ಲಿ, ಅವರ ಕೈ ಹೋಯಿತು. ಹೇಳ್ರೀ, ಹೇಳಿಬಿಡ್ರೀ ಎಂದು ಒಳಗೊಳಗೇ ಅನ್ನುತ್ತಿದ್ದೆ.

"ನೋಡು ಮುನ್ಷಿ," ಎಂದರು ಕನ್ನಡದಲ್ಲಿ, ನಿಧಾನವಾಗಿ. "ಅಂದು ನೀ ಬರದದ್ದು ಸುಳ್ಳಲ್ಲ. ನಮ್ಮಜ್ಜನ ಊರದು. ಅದನ್ನ ಹೇಳಬ್ಯಾಡ ಅಂತ ನಮ್ಮಪ್ಪ ನನಗ ಕಲಿಸಿಲ್ಲ. ಗೌಡ ಬರದದ್ದೂ ಸುಳ್ಳಲ್ಲ. ನಾ ಮಸ್ಕ್ಯಾಗ ಹುಟ್ಟೀನಿ, ಮಸ್ಕ್ಯಾಗ ಸಾಯ್ತೀನಿ. ಒಂದು ಬಿಟ್ಟು ಒಂದು ನಾ ಹ್ಯಾಂಗ ಹೇಳ್ಲಿ? ಎರಡೂ ಬರೀರಿ ಅಂತ ಸಾಹೇಬ್ರಿಗೆ ಹೇಳು."

ಅಧಿಕಾರಿ ನನ್ನ ಮುಖ ನೋಡಿದರು. ಇಷ್ಟುದ್ದ ಹೇಳಿದ್ದಾನಲ್ಲ, ಏನಂತೆ ಎಂದು ಹುಬ್ಬಿನಲ್ಲೇ ಕೇಳಿದರು.

ನಾನು ಜನ್ಮದಲ್ಲಿ ಒಬ್ಬರ ಮಾತನ್ನು ಒಂದು ನುಕ್ತೆ ಹೆಚ್ಚು ಕಡಿಮೆ ಮಾಡಿ ಬರೆದವನಲ್ಲ. ಬೈಗುಳವನ್ನೂ ಬೈಗುಳವಾಗಿಯೇ ಬರೆದಿದ್ದೇನೆ.

"ಮಸ್ಕಿ ಅಂತಾರ್ರೀ," ಎಂದೆ ತೆಲುಗಿನಲ್ಲಿ. "ಹುಟ್ಟಿದ್ದು ಬೆಳೆದದ್ದು ಎಲ್ಲಾ ಮಸ್ಕಿ. ಬೇರೆ ಊರಿಲ್ಲ ಅಂತಾರ."

ಅಧಿಕಾರಿ ಯಾದಿ ತೆಗೆಸಿ ನನ್ನ ಮುಂದೆ ತಳ್ಳಿದರು. ಹೊಡೆದುಹಾಕು, ಪಕ್ಕದಲ್ಲಿ ರುಜು ಮಾಡು ಎಂದರು. ಬಹಳ ಕಷ್ಟಪಟ್ಟು ಕಾಗುಣಿತ ಕೂಡಿಸಿದ್ದ ಆ ಹೆಸರಿನ ಮೇಲೆ ನಾನು ಗೆರೆ ಎಳೆದೆ. ಮುಳ್ಳು ಒತ್ತಿ ಗೆರೆ ದಪ್ಪವಾಯಿತು, ಒಂದು ಅಕ್ಷರವೂ ಕೆಳಗೆ ಕಾಣಲಿಲ್ಲ. ಮೇಲೆ ಮಸ್ಕಿ ಎಂದು ಬರೆದೆ. ತಲೆ ಎತ್ತಿದಾಗ ಜಮಾದಾರರು ಗೆರೆಯನ್ನೇ ನೋಡುತ್ತಿದ್ದರು. ಇಂಗ್ರಜಿ ಓದಲು ಬಾರದಿದ್ದರೂ ಒಂದು ಹೆಸರು ಹೋಗಿ ಒಂದೇ ಹೆಸರು ಬಂತೆಂದು ತಿಳಿಯಲು ಓದು ಬೇಕಾಗಿರಲಿಲ್ಲ. ಸಣ್ಣಂದಿನಿಂದ ಈ ಕಡೆ ಇದ್ದವರಿಗೆ ನಾನಾಡಿದ ತೆಲುಗಿನ ಅಷ್ಟು ಮಾತು ತಿಳಿಯದೆಯೂ ಇರಲಿಲ್ಲ.

ಅವರನ್ನು ಬಿಟ್ಟರು.

ಬಸ್ಸಿನಲ್ಲಿ ಜಮಾದಾರರು ಹೆಂಡತಿಯ ಪಕ್ಕದಲ್ಲಿ ಕೂತರು, ನಾನು ಹಿಂದೆ ಕೂತೆ. ನಡುವಿನ ಗೊರೇಬಾಳ ದಾಟಿತು. ಹೆಂಡತಿ ಒಮ್ಮೆ ತಿರುಗಿ, "ಅಣ್ಣಾ, ನಿನ್ನ ಉಪಕಾರ..." ಎಂದು ಶುರು ಮಾಡಿದವರು ಗಂಡನ ಮುಖ ನೋಡಿ ನಿಲ್ಲಿಸಿದರು. ಮಸ್ಕಿ ಬಂತು. ಜಮಾದಾರರು ಇಳಿದು, ಕಿಟಕಿಯ ಹತ್ತಿರ ಬಂದು ನಿಂತರು.

"ನೀ ನನ್ನ ಉಳಿಸೀದಿ ಮುನ್ಷಿ. ಅದನ್ನ ನಾ ಮರಿಯೂದಿಲ್ಲ. ಆದ್ರ ನಾ ಆಡಿದ ಮಾತು ನೀ ಆಡಲಿಲ್ಲ. ನಮ್ಮಜ್ಜ ಅಷ್ಟು ದೂರದಿಂದ ಬಂದಾವ, ಅವನ್ನ ನೀ ಅಲ್ಲೇ ಮೇಜಿನ ಮ್ಯಾಗ ಮುಗಿಸಿಬಿಟ್ಟಿ. ಬ್ಯಾರೆ ಊರಿಲ್ಲ ಅಂದಿ. ಅಷ್ಟು ಅನ್ನೂದು ಬೇಕಾಗಿದ್ದಿಲ್ಲ."

ಅದು ಖರೆ. 'ಮಸ್ಕಿ' ಎಂದು ನಿಲ್ಲಿಸಬಹುದಾಗಿತ್ತು. ಅಂಜಿಕೆಯವನ ಕೈಯಲ್ಲಿ ಸುಳ್ಳು ಕೊಟ್ಟರೆ ಬೇಕಾದದ್ದಕ್ಕಿಂತ ಹೆಚ್ಚು ಸುರಿಯುತ್ತಾನೆ. ಬಸ್ಸು ಹೊರಟಿತು.

ಸೋಮವಾರ ಲಾರಿಗಳು ಹೋದವು. ಹೋದವರು ಏನಾದರೋ ನನಗೆ ತಿಳಿಯಲಿಲ್ಲ. ಆ ಯಾದಿಯಲ್ಲಿ ನನ್ನ ಕೈಬರಹದ ಬೇರೆ ಹೆಸರುಗಳೂ ಇದ್ದವು. ಅವರಿಗಾಗಿ ಯಾರೂ ನನ್ನ ಕಟ್ಟೆಯ ಮೇಲೆ ಬಂದು ಕೂರಲಿಲ್ಲ, ನಾನೂ ಅವರ ಊರಿಗೆ ಹೋಗಲಿಲ್ಲ. ಇದನ್ನು ಹೇಳದೆ ಬಿಟ್ಟರೆ ನಾನು ದೊಡ್ಡ ಕೆಲಸ ಮಾಡಿದವನ ಹಾಗೆ ಕಾಣುತ್ತೇನೆ.

ನನಗೆ ಏನೂ ಆಗಲಿಲ್ಲ. ಕೂಡಿಹಾಕಲಿಲ್ಲ, ಮರ ಹೋಗಲಿಲ್ಲ. ಖಜಾನೆಗೆ ಖಾಕಿಯ ಕಾವಲು ಬಂತು. ಜಮಾದಾರರು ಮಸ್ಕಿಯಲ್ಲಿ ಹೆಂಡತಿಗೆ ಕೌದಿಯ ಬಟ್ಟೆ ಕತ್ತರಿಸಿಕೊಡುತ್ತ ಕೂತರೆಂದು ಕೇಳಿದೆ. ಮದುವೆಗೆ ಕರೆದರೆ ಡೋಲು ಬಾರಿಸಲು ಹೋಗುವುದಿಲ್ಲವಂತೆ. ಯಾರಾದರೂ ಊರು ಕೇಳಿದರೆ ಮಸ್ಕಿ ಎಂದು ಹೇಳಿ ಎದ್ದು ಹೋಗುತ್ತಾರಂತೆ. ನಾನು ಆರು ವರ್ಷ ಅವರ ಓಣಿಗೆ ಕಾಲಿಡಲಿಲ್ಲ. ಬಸ್ಸು ಮಸ್ಕಿಯಲ್ಲಿ ನಿಂತಾಗ ಆಚೆ ಬದಿಗೆ ಮುಖ ತಿರುಗಿಸಿ ಕೂರುತ್ತಿದ್ದೆ.

ಅಷ್ಟರಲ್ಲಿ ನಮ್ಮ ನಾಡೂ ಸುಮ್ಮನಿರಲಿಲ್ಲ. ಸಿಂಧನೂರಿನ ಕಡೆ ಕಾಲುವೆ ತೋಡಿದರು, ನೀರಿನ ಹಿಂದೆ ಆಂಧ್ರದ ಕರಾವಳಿಯ ಒಕ್ಕಲುಗಳು ಬಂದು ಭತ್ತದ ಮಾತಾಡತೊಡಗಿದವು. ನನ್ನ ಉರ್ದು ಯಾರಿಗೂ ಬೇಡವಾಯಿತು, ಇಂಗ್ರಜಿ ನನಗೆ ಪೂರ್ತಿ ಬರಲಿಲ್ಲ, ಕನ್ನಡದಲ್ಲಿ ಅರ್ಜಿ ಬರೆಯಬಹುದು ಎಂದಾಗ ಸರ್ಕಾರಕ್ಕೆ ಕನ್ನಡದಲ್ಲಿ ಹೇಗೆ ತಲೆಬಾಗಬೇಕೆಂದು ನನಗೆ ತಿಳಿಯದಾಯಿತು. ನಮ್ಮ ಜಿಲ್ಲೆ ಮೈಸೂರಿಗೆ ಸೇರುತ್ತದೆಂದು ಮಾತಾಗುತ್ತಿತ್ತು. ಕೂತಲ್ಲಿಂದ ಏಳದೆ ನಾನು ಇನ್ನೊಂದು ರಾಜ್ಯದವನಾಗುವವನಿದ್ದೆ. ಹೊಸ ಕಾಗದಗಳಲ್ಲಿ ಊರು ಬರೆಯುವ ಮನೆ ಬಂದಾಗ ಲಿಂಗಸುಗೂರು ಎಂದು ಬರೆಯುವುದನ್ನು ನಾನೂ ಕಲಿತೆ. ಕಲ್ಯಾಣ ಎಂದು ಎಲ್ಲಿಯೂ ಬರೆಯಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಅಂಜಿಕೆಯೇ ಬೇಡ ಎಂದಿತು. ಹಾಗೆ ಬರೆದಾಗಲೆಲ್ಲ ಕಿಟಕಿಯ ಹತ್ತಿರ ನಿಂತ ಮುಖ ನೆನಪಾಗುತ್ತಿತ್ತು. ಗೋದಾಮಿನಲ್ಲಿ ಅವರು ಕೇಳಿದ್ದು ಪಗಾರವಲ್ಲ, ಬಿಡುಗಡೆಯೂ ಅಲ್ಲ, ಇನ್ನೊಂದು ಹೆಸರಿಗೆ ಎರಡು ಬೆರಳು ಜಾಗ.

ಐವತ್ತೈದರ ಬೇಸಿಗೆಯಲ್ಲಿ ಜಮಾದಾರರ ಹೆಂಡತಿ ಮರದ ಕೆಳಗೆ ಬಂದರು.

"ಮಲಗಿಬಿಟ್ಟಾರ ಅಣ್ಣಾ. ಬಾ ಅಂದಾರ."

"ನನಗಾ?"

"ನಿನಗಽ. ದೌತಿ ಲೆಕ್ಕಣಿಕಿ ತರಬ್ಯಾಡ ಅಂದಾರ."

ಮರುದಿನ ಮಧ್ಯಾಹ್ನ ಹೋದೆ. ಹೊರಸಿನ ಮೇಲೆ ಮಲಗಿದ್ದರು, ಗಡ್ಡಕ್ಕೆ ಎಣ್ಣೆಯಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಕ್ಷಮೆ ಕೇಳಲು ಆರು ವರ್ಷದಿಂದ ಕೂಡಿಸಿಟ್ಟಿದ್ದ ವಾಕ್ಯವನ್ನು ಶುರು ಮಾಡಿದೆ. ಮೂರು ಸಲ ಓದಿ ತಿದ್ದಿದ ವಾಕ್ಯ.

"ಕುಂಡ್ರು, ಕುಂಡ್ರು," ಎಂದರು. "ಅದೆಲ್ಲಾ ಅರ್ಜಿ ಮಾತು. ಕೈ ತೋರ್ಸು. ಕಾಗದಾ ಏನಿಲ್ಲಲ್ಲ?"

"ಇಲ್ರೀ."

"ಹಂಗಾದ್ರ ಕೇಳು. ನಮ್ಮಜ್ಜ ಹಡಗು ಹತ್ತಿದ್ದು, ಇಳಿದದ್ದು, ಅವನ ಊರಿನ ಬಾವಿ, ಅವನ ಅವ್ವ, ಎಲ್ಲಾ ನಮ್ಮಪ್ಪ ನನಗ ಹೇಳ್ಯಾನ. ಮಗಳು ಕೇಳಾಕ ಅಂಜತಾಳ, ಅಪ್ಪನ್ನ ಮತ್ತ ಒಯ್ತಾರಂತ. ಇಕಿ ಬಿಟ್ಟು ಇನ್ನೊಬ್ಬರರೆ ಕೇಳಿರಬೇಕು. ನಿನ್ನ ಬಾಯಾಗ ಒಮ್ಮೆ ಅಳಿಸಿಹೋಗೈತಿ, ನಿನ್ನ ಕಿವ್ಯಾಗ ಇರ್ಲಿ. ಬರೀಬ್ಯಾಡ. ಬರದ್ರ ಯಾರರೆ ಬಂದು ಗೆರಿ ಹೊಡೀತಾರ."

ಹೇಳತೊಡಗಿದರು. ದಣಿದಾಗ ನಿಲ್ಲಿಸಿ, "ಉಳದದ್ದು ನಾಳೆ," ಎಂದರು. ನಾನು ಐದು ಮಧ್ಯಾಹ್ನ ಬಸ್ಸು ಹತ್ತಿ ಹೋದೆ. ಹೆಂಡತಿ ಮೂಲೆಯಲ್ಲಿ ಕೌದಿ ಹೊಲಿಯುತ್ತ ಕೇಳುತ್ತಿದ್ದರು, ಎಲ್ಲಿಯಾದರೂ ಅವರು ತಪ್ಪಿದರೆ "ಅದು ಆಮ್ಯಾಗ, ಮೊದ್ಲ ಇನ್ನೊಂದೈತಿ," ಎಂದು ತಿದ್ದುತ್ತಿದ್ದರು. ಐದನೆಯ ದಿನ ಮುಗಿಯಿತು. ಹದಿನೈದು ದಿನದ ಮೇಲೆ ಅವರು ತೀರಿಕೊಂಡರು. ತಾವು ಅಂದಂತೆ ಮಸ್ಕಿಯಲ್ಲೇ. ಗೌಡರೂ ಬಂದಿದ್ದರು, ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ.

ಅವರು ಆ ಐದು ದಿನ ಹೇಳಿದ್ದು ಯಾವುದೂ ಇಲ್ಲಿ ಇಲ್ಲ. ಮೇಲೆ ನಾನು ಬರೆದಿರುವ ಹಡಗು, ಮುಂಬೈ, ಡೋಲು ಎಲ್ಲ ಲಿಂಗಸುಗೂರಿನಲ್ಲಿ ಯಾರನ್ನು ಕೇಳಿದರೂ ಹೇಳುವಂಥದ್ದು. ಮಿಕ್ಕದ್ದು ನನ್ನ ಹತ್ತಿರ ಇದೆ. ನನಗೀಗ ನಲವತ್ತೆಂಟು, ಮರೆವು ಶುರುವಾಗಿದೆ, ಬಿರುಗಾಳಿ ಮೊದಲೋ ಜ್ವರ ಮೊದಲೋ ಎಂದು ಒಮ್ಮೊಮ್ಮೆ ತಡವರಿಸುತ್ತದೆ. ಆ ಅಜ್ಜನ ಊರಿನ ಬಾವಿಯ ಮೆಟ್ಟಿಲುಗಳನ್ನು ಎಣಿಸಿ ನೋಡುತ್ತೇನೆ. ಜಮಾದಾರರ ಮಗಳಿಗೆ ಅಂಜಿಕೆ ಹೋಗುವ ದಿನ ಬಂದರೆ ಅವಳಿಗೆ ಹೇಳಬೇಕು, ಅಲ್ಲಿಯವರೆಗೆ ಒಂದೂ ಜಾರಬಾರದು. ಸಿಂಧನೂರಿನ ಬಸ್ಸಿನಲ್ಲಿ ಪಕ್ಕದವರಿಗೆ ಕೇಳಿಸದಂತೆ ತುಟಿಯೊಳಗೇ ಮೊದಲಿನಿಂದ ಹೇಳಿಕೊಳ್ಳುತ್ತ ಹೋಗುತ್ತೇನೆ. ಜನ ನನ್ನನ್ನು ಜಪ ಮಾಡುತ್ತಿದ್ದಾನೆಂದು ತಿಳಿಯುತ್ತಾರೆ.